ಸೋಲಾರ್ ಸಾಕಾ, ಬೆಳವಣಿಗೆ ಬೇಕಾ? ಹವಾಮಾನ ಹೋರಾಟಗಾರರ ಒಳಜಗಳ

2023ರ ಫೆಬ್ರವರಿ ಕೊನೆ. ನಾರ್ವೆಯ ರಾಜಧಾನಿ ಓಸ್ಲೋದಲ್ಲಿ ಇಂಧನ ಸಚಿವಾಲಯದ ಬಾಗಿಲಿಗೆ ಅಡ್ಡವಾಗಿ ಒಂದಷ್ಟು ಹುಡುಗ ಹುಡುಗಿಯರು ಕೂತಿದ್ದರು. ಅವರ ನಡುವೆ ಸ್ವೀಡನ್ನಿನ ಹವಾಮಾನ ಹೋರಾಟಗಾರ್ತಿ ಗ್ರೇಟಾ ಥನ್‌ಬರ್ಗ್ ಕೂಡ ಇದ್ದರು. ಹವಾಮಾನ ಹೋರಾಟಗಾರರು ಸರ್ಕಾರಿ ಕಚೇರಿಯ ದಾರಿ ತಡೆಯುವುದು ಹೊಸ ಸುದ್ದಿಯೇನಲ್ಲ. ಆದರೆ ಅವತ್ತಿನ ಸಿಟ್ಟು ಕಲ್ಲಿದ್ದಲಿನ ಮೇಲಲ್ಲ, ತೈಲಬಾವಿಯ ಮೇಲೂ ಅಲ್ಲ. ಗಾಳಿಯಂತ್ರಗಳ ಮೇಲೆ.

ಫೋಸೆನ್ ಎಂಬಲ್ಲಿ 151 ಗಾಳಿಯಂತ್ರಗಳನ್ನು ನಿಲ್ಲಿಸಿದ್ದರು. ಅದು ಸಾಮಿ ಎಂಬ ಮೂಲನಿವಾಸಿಗಳು ಹಿಮಸಾರಂಗ ಮೇಯಿಸುತ್ತಾ ಬಂದ ನೆಲ. ಯಂತ್ರಗಳಿಗೆ ಪರವಾನಗಿ ಕೊಟ್ಟದ್ದರಿಂದ ಸಾಮಿಗಳ ಹಕ್ಕಿಗೆ ಧಕ್ಕೆಯಾಗಿದೆ ಎಂದು ನಾರ್ವೆಯ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲೇ ತೀರ್ಪು ಕೊಟ್ಟಿತ್ತು. ತೀರ್ಪು ಬಂದು 500 ದಿನ ಕಳೆದರೂ ಯಂತ್ರಗಳು ತಿರುಗುತ್ತಲೇ ಇದ್ದವು. ಅದಕ್ಕೇ ಆ ಧರಣಿ. (ಆಗ ಆ ಸಚಿವಾಲಯದ ಹೆಸರೇ ಪೆಟ್ರೋಲಿಯಂ ಮತ್ತು ಇಂಧನ ಸಚಿವಾಲಯ. ಗಾಳಿಯಂತ್ರದ ಜಗಳ ಬಂದು ನಿಂತದ್ದು ಪೆಟ್ರೋಲಿಯಂ ಬಾಗಿಲಲ್ಲಿ.)

ಹೊರಗಿನಿಂದ ನೋಡಿದವರಿಗೆ ಇದು ತಲೆಬುಡ ತಿಳಿಯದ ದೃಶ್ಯ. ಕಲ್ಲಿದ್ದಲು ಬೇಡ ಅಂದಿರಿ, ಸರಿ. ಗಾಳಿಯಿಂದ ಕರೆಂಟು ತೆಗೆದರೆ ಅದೂ ಬೇಡವಾ? ಹಾಗಾದರೆ ನಿಮಗೆ ಬೇಕಾದ್ದಾದರೂ ಏನು?

ಈ ಪ್ರಶ್ನೆಗೆ ಹೋರಾಟಗಾರರ ಹತ್ತಿರ ಒಂದೇ ಉತ್ತರ ಇಲ್ಲ. ಭೂಮಿ ಬಿಸಿಯಾಗುತ್ತಿದೆ, ಕಾರಣ ಮನುಷ್ಯರೇ, ಹೊಗೆ ಬೇಗ ನಿಲ್ಲಬೇಕು. ಇಷ್ಟರಲ್ಲಿ ಅವರಿಗೆ ತಕರಾರಿಲ್ಲ. ಜಗಳ ಶುರುವಾಗುವುದು ಆಮೇಲೆ. ಕಲ್ಲಿದ್ದಲು, ಪೆಟ್ರೋಲು ಇದ್ದ ಜಾಗಕ್ಕೆ ಸೋಲಾರ್ ಮತ್ತು ಗಾಳಿಯನ್ನು ತಂದು ಕೂರಿಸಿದರೆ ಸಾಕಾ? ಅಥವಾ ವರ್ಷವರ್ಷವೂ ಇನ್ನಷ್ಟು, ಮತ್ತಷ್ಟು ಎಂದು ಓಡುವ ಆರ್ಥಿಕತೆಯನ್ನೇ ಹಿಡಿದು ನಿಲ್ಲಿಸಬೇಕಾ?

ನಾಲ್ಕು ಅಂಕಿಗಳ ಗುಣಾಕಾರ

ಜಗಳ ಅರ್ಥವಾಗಬೇಕಾದರೆ ಒಂದು ಸಣ್ಣ ಲೆಕ್ಕ ಗೊತ್ತಿರಬೇಕು. ಜಪಾನಿನ ಯೋಇಚಿ ಕಾಯಾ ಎಂಬ ಇಂಧನ ತಜ್ಞರ ಹೆಸರಲ್ಲಿ ಅದು ಪ್ರಸಿದ್ಧ. ಹೆದರಬೇಡಿ, ಬರೀ ಗುಣಾಕಾರ.

ಜಗತ್ತಿನ ಒಟ್ಟು ಇಂಗಾಲದ ಹೊಗೆ ನಾಲ್ಕು ಅಂಕಿಗಳನ್ನು ಗುಣಿಸಿದಾಗ ಸಿಗುತ್ತದೆ. ಒಂದು, ಎಷ್ಟು ಜನ ಇದ್ದೇವೆ. ಎರಡು, ತಲಾ ಎಷ್ಟು ರೊಕ್ಕದ ಸರಕು ಮತ್ತು ಸೇವೆ ಉತ್ಪಾದಿಸುತ್ತೇವೆ. ಮೂರು, ಅಷ್ಟು ಉತ್ಪಾದಿಸಲು ಎಷ್ಟು ಶಕ್ತಿ ಬೇಕು. ನಾಲ್ಕು, ಅಷ್ಟು ಶಕ್ತಿಯಿಂದ ಎಷ್ಟು ಹೊಗೆ ಬರುತ್ತದೆ. ಮೊದಲ ಎರಡನ್ನು ಗುಣಿಸಿದರೆ ಜಿಡಿಪಿ. ಕೊನೆಯ ಎರಡನ್ನು ಗುಣಿಸಿದರೆ ಒಂದು ರೂಪಾಯಿ ಜಿಡಿಪಿಗೆ ಎಷ್ಟು ಹೊಗೆ ಎಂಬುದು ಸಿಗುತ್ತದೆ. ಸೋಲಾರ್, ಗಾಳಿ, ಅಣು, ಎಲೆಕ್ಟ್ರಿಕ್ ಕಾರು, ಎಲ್‌ಇಡಿ ಬಲ್ಬು ಎಲ್ಲವೂ ಕೆಲಸ ಮಾಡುವುದು ಈ ಕೊನೆಯ ಎರಡು ಅಂಕಿಗಳ ಮೇಲೆ.

ಈಗ ಜಗತ್ತಿನ ಆರ್ಥಿಕತೆ ವರ್ಷಕ್ಕೆ ಶೇ 3ರಷ್ಟು ಬೆಳೆಯುತ್ತದೆ ಎಂದುಕೊಳ್ಳಿ. 24 ವರ್ಷದಲ್ಲಿ ಅದು ಇಮ್ಮಡಿಯಾಗುತ್ತದೆ. ಅಷ್ಟರೊಳಗೆ ಹೊಗೆಯನ್ನು ಇವತ್ತಿನ ಹತ್ತನೇ ಒಂದು ಭಾಗಕ್ಕೆ ಇಳಿಸಬೇಕು ಅಂದರೆ, ಪ್ರತಿ ರೂಪಾಯಿಯ ಹೊಗೆ ಇಪ್ಪತ್ತನೇ ಒಂದು ಭಾಗಕ್ಕೆ ಇಳಿಯಬೇಕು. ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ ಶೇ 12ರ ಇಳಿಕೆ. ಈ ಶತಮಾನದಲ್ಲಿ ಇದುವರೆಗೆ ಜಗತ್ತು ಸಾಧಿಸಿರುವುದು ಸರಾಸರಿ ಶೇ 1ರಿಂದ 2.

ಬೆಳವಣಿಗೆಯನ್ನೇ ನಿಲ್ಲಿಸಿಬಿಟ್ಟರೆ? ಜಿಡಿಪಿ ಇದ್ದಲ್ಲೇ ನಿಂತರೂ ಪ್ರತಿ ರೂಪಾಯಿಯ ಹೊಗೆ ವರ್ಷಕ್ಕೆ ಶೇ 9ರಷ್ಟು ಇಳಿಯಲೇಬೇಕು. ಜಿಡಿಪಿ ವರ್ಷಕ್ಕೆ ಶೇ 1ರಷ್ಟು ಕುಗ್ಗಿದರೂ ಶೇ 8ರ ಮೇಲೇ ಇಳಿಯಬೇಕು.

ಈ ಮೂರು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 12, 9, 8. ಬೆಳವಣಿಗೆ ಇರಲಿ ಬಿಡಲಿ, ಕೆಲಸದ ಮುಕ್ಕಾಲು ಪಾಲು ಇಂಧನ ಬದಲಾಯಿಸುವುದೇ. ಅದನ್ನು ಬಿಟ್ಟು ಯಾರಿಗೂ ದಾರಿ ಇಲ್ಲ. ಹಾಗಂತ ಉಳಿದ ಕಾಲು ಪಾಲು ಸಣ್ಣದೂ ಅಲ್ಲ. ಇದುವರೆಗೆ ಶೇ 2 ಮುಟ್ಟಲೂ ಏದುಸಿರು ಬಿಟ್ಟವರಿಗೆ 9 ಮತ್ತು 12ರ ನಡುವಿನ ಅಂತರ ಬೆಟ್ಟದಷ್ಟು. ನನಗೆ ಕಾಣುವಂತೆ ಇಡೀ ಜಗಳ ಇರುವುದು ಈ ಅಂತರದಲ್ಲಿ. ಒಂದು ಬಣ 9 ಕಡ್ಡಾಯ ಎಂಬುದನ್ನು ಮರೆತು ಮಾತಾಡುತ್ತದೆ, ಇನ್ನೊಂದು ಬಣ 12 ಎಷ್ಟು ಕಷ್ಟ ಎಂಬುದನ್ನು ಮರೆತು.

ಮನೆಯೊಳಗೇ ಸಿಡಿದ ಬಾಂಬು

2020ರ ಏಪ್ರಿಲ್‌ನಲ್ಲಿ, ಭೂಮಿ ದಿನದ ಹಿಂದಿನ ದಿನ, ಯೂಟ್ಯೂಬಿನಲ್ಲಿ ಒಂದು ಸಾಕ್ಷ್ಯಚಿತ್ರ ಪುಕ್ಕಟೆಯಾಗಿ ಬಂತು. ಹೆಸರು ಪ್ಲಾನೆಟ್ ಆಫ್ ದ ಹ್ಯೂಮನ್ಸ್. ನಿರ್ದೇಶಕ ಜೆಫ್ ಗಿಬ್ಸ್, ಬೆನ್ನಿಗೆ ನಿಂತವರು ಮೈಕಲ್ ಮೂರ್. ಎಡಪಂಥೀಯ ಸಾಕ್ಷ್ಯಚಿತ್ರಗಳ ದೊಡ್ಡ ಹೆಸರು ಅದು. ತೈಲ ಕಂಪನಿಗಳನ್ನು ಬೈಯುವ ಚಿತ್ರ ಎಂದುಕೊಂಡು ಕೂತವರಿಗೆ ಆಘಾತ. ಚಿತ್ರ ಬೈದದ್ದು ಸೋಲಾರ್‌ಗೆ, ಗಾಳಿಯಂತ್ರಕ್ಕೆ, ಮತ್ತು ಅವುಗಳ ಪರವಾಗಿ ನಿಂತ ಪರಿಸರ ನಾಯಕರಿಗೆ.

ಅದರ ವಾದ ಸ್ಥೂಲವಾಗಿ ಹೀಗಿತ್ತು. ಪ್ಯಾನೆಲ್ ತಯಾರಿಸಲು ಕಲ್ಲಿದ್ದಲು ಬೇಕು, ಗಣಿ ಬೇಕು. ಗಾಳಿ ನಿಂತಾಗ ಗ್ಯಾಸ್ ಸ್ಥಾವರ ಬೇಕು. ಮರ ಸುಟ್ಟು ಕರೆಂಟು ಮಾಡಿ ಅದನ್ನೂ ಹಸಿರು ಎನ್ನುತ್ತಾರೆ. ಇದರ ಹಿಂದೆ ಇರುವುದು ಅದೇ ದೊಡ್ಡ ಬಂಡವಾಳ. ನಿಜವಾದ ರೋಗ ನಮ್ಮ ಸಂಖ್ಯೆ ಮತ್ತು ನಮ್ಮ ಬಳಕೆ. ಅದನ್ನು ಬಿಟ್ಟು ಯಂತ್ರ ಬದಲಾಯಿಸುವುದು ಬರೀ ಭ್ರಮೆ.

ಹೋರಾಟಗಾರರ ವಲಯದಲ್ಲಿ ಬೆಂಕಿ ಬಿತ್ತು. ಚಿತ್ರವನ್ನು ತೆಗೆಯಿರಿ ಎಂದು ಇನ್ನೊಬ್ಬ ಸಾಕ್ಷ್ಯಚಿತ್ರ ನಿರ್ದೇಶಕ ಜಾಶ್ ಫಾಕ್ಸ್ ಪತ್ರ ಬರೆದು ಸಹಿ ಸಂಗ್ರಹಿಸಿದರು. 350 ಡಾಟ್ ಆರ್ಗ್ ಎಂಬ ಹವಾಮಾನ ಸಂಘಟನೆಯ ಬಿಲ್ ಮೆಕಿಬೆನ್ ಅವರನ್ನು ಮರ ಸುಡುವುದರ ಬೆಂಬಲಿಗ ಎಂಬಂತೆ ಚಿತ್ರ ತೋರಿಸಿತ್ತು. ಅವರು ವರ್ಷಗಳ ಹಿಂದೆಯೇ ನಿಲುವು ಬದಲಿಸಿ ಅದರ ವಿರುದ್ಧ ಬರೆದಿದ್ದರು.

ಚಿತ್ರದ ತಾಂತ್ರಿಕ ವಾದಗಳ ಮೇಲೆ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ಅವುಗಳಲ್ಲಿ ಮುಖ್ಯವಾದದ್ದು ತಪ್ಪು. ಚಿತ್ರ ಹಳೆಯ ದೃಶ್ಯಗಳನ್ನು ಹಿಡಿದುಕೊಂಡಿತ್ತು. ಅದರಲ್ಲಿ ಕಾಣುವ ಒಂದು ಪ್ಯಾನೆಲ್ ಬಿಸಿಲಿನ ಶೇ 8ರಷ್ಟನ್ನು ಮಾತ್ರ ಕರೆಂಟು ಮಾಡುತ್ತಿತ್ತು. ಈಗಿನವು ಶೇ 20 ದಾಟಿವೆ. ಪ್ಯಾನೆಲ್ ತಯಾರಿಗೆ ಹೋದ ಶಕ್ತಿಯನ್ನು ಅದೇ ಪ್ಯಾನೆಲ್ ಸುಮಾರು 1ರಿಂದ 3 ವರ್ಷದಲ್ಲಿ ವಾಪಸ್ ಕೊಡುತ್ತದೆ. ಬಾಳಿಕೆ 25ರಿಂದ 30 ವರ್ಷ. ಗಣಿಯಿಂದ ಗುಜರಿಯವರೆಗಿನ ಎಲ್ಲ ಹೊಗೆಯನ್ನೂ ಲೆಕ್ಕ ಹಾಕಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2014ರಲ್ಲಿ ಕೊಟ್ಟ ಮಧ್ಯಮ ಅಂಕಿ ನೋಡಿ. ಒಂದು ಯೂನಿಟ್ ಕರೆಂಟಿಗೆ ಕಲ್ಲಿದ್ದಲು 820 ಗ್ರಾಂ, ದೊಡ್ಡ ಸೋಲಾರ್ ಸ್ಥಾವರ 48, ಅಣು 12, ನೆಲದ ಮೇಲಿನ ಗಾಳಿಯಂತ್ರ 11. ಎರಡೂ ಒಂದೇ ಎನ್ನುವುದಕ್ಕೆ ಇಲ್ಲಿ ಜಾಗವೇ ಇಲ್ಲ.

ಮರ ಸುಡುವ ವಿಷಯದಲ್ಲಿ ಮಾತ್ರ ಚಿತ್ರದ ಕೋಪ ನ್ಯಾಯವಾದದ್ದೇ. ಬ್ರಿಟನ್ನಿನ ಡ್ರ್ಯಾಕ್ಸ್ ಸ್ಥಾವರ ಕಲ್ಲಿದ್ದಲು ಬಿಟ್ಟು, ಅಟ್ಲಾಂಟಿಕ್ ಆಚೆಯಿಂದ ಹಡಗಿನಲ್ಲಿ ಬರುವ ಮರದ ಗುಳಿಗೆಗಳನ್ನು ಸುಡುತ್ತದೆ. ಲೆಕ್ಕದ ಪುಸ್ತಕದಲ್ಲಿ ಅದರ ಹೊಗೆ ಸೊನ್ನೆ, ಯಾಕೆಂದರೆ ಮರ ಮತ್ತೆ ಬೆಳೆಯುತ್ತದೆಯಂತೆ. ಬೆಳೆಯುತ್ತದೆ, ನಿಜ. ದಶಕಗಳು ಹಿಡಿಯುತ್ತವೆ. ಹೊಗೆ ಮಾತ್ರ ಇವತ್ತೇ ಹೋಗುತ್ತದೆ.

ಇಷ್ಟೆಲ್ಲ ತಪ್ಪಿದ್ದರೂ ಚಿತ್ರ ಅಷ್ಟು ಜನರನ್ನು ತಟ್ಟಿದ್ದೇಕೆ? ಅದು ಕೇಳಿದ ಮೂಲ ಪ್ರಶ್ನೆ ಸುಳ್ಳಲ್ಲ ಎಂಬುದೇ ಕಾರಣ. ಹೊಸ ಇಂಧನ ಬಂದಾಗ ಹಳೆಯದು ನಿಜವಾಗಿ ಹೋಗುತ್ತದಾ, ಅಥವಾ ಎರಡೂ ಒಟ್ಟಿಗೆ ಉರಿಯುತ್ತವಾ?

ಜಾಗ ಬಿಡದ ಕಲ್ಲಿದ್ದಲು

1865ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಒಂದು ವಿಚಿತ್ರ ಗಮನಿಸಿದರು. ಜೇಮ್ಸ್ ವಾಟ್‌ನ ಸುಧಾರಿತ ಉಗಿಯಂತ್ರ ಅದೇ ಕೆಲಸವನ್ನು ಕಡಿಮೆ ಕಲ್ಲಿದ್ದಲಿನಲ್ಲಿ ಮಾಡುತ್ತಿತ್ತು. ಕಲ್ಲಿದ್ದಲು ಉಳಿಯಬೇಕಿತ್ತು, ಅಲ್ವಾ? ಉಳಿಯಲಿಲ್ಲ. ಉಗಿಯಂತ್ರ ಅಗ್ಗವಾಯಿತು, ಹಿಂದೆ ಬಳಸದವರೂ ಬಳಸತೊಡಗಿದರು, ಒಟ್ಟು ಕಲ್ಲಿದ್ದಲು ಬಳಕೆ ಏರಿತು. ಉಳಿತಾಯವೇ ಖರ್ಚಿಗೆ ದಾರಿಯಾಯಿತು.

ಬೆಳವಣಿಗೆಯನ್ನು ಅನುಮಾನಿಸುವವರು ಇವತ್ತಿಗೂ ಈ ಕಥೆ ಹೇಳುತ್ತಾರೆ. ಅವರ ಕೈಯಲ್ಲಿ ಹೊಸ ಸಾಕ್ಷಿಯೂ ಇದೆ. 2000ದಲ್ಲಿ ಜಗತ್ತು ಸುಟ್ಟ ಕಲ್ಲಿದ್ದಲು 500 ಕೋಟಿ ಟನ್ನಿಗಿಂತ ಕಡಿಮೆ. 2024ರಲ್ಲಿ ಅದು 850 ಕೋಟಿ ಟನ್ ದಾಟಿದೆ. ನಡುವೆ ಸೋಲಾರ್ ಮತ್ತು ಗಾಳಿ ಚರಿತ್ರೆಯಲ್ಲೇ ಕಾಣದ ವೇಗದಲ್ಲಿ ಬೆಳೆದಿವೆ. ಅಂದರೆ ಹೊಸದು ಹಳೆಯದನ್ನು ಓಡಿಸಲಿಲ್ಲ, ಅದರ ಪಕ್ಕದಲ್ಲಿ ಬಂದು ಕೂತಿತು. ಹೆಚ್ಚಿದ ಬೇಡಿಕೆ ಇಬ್ಬರಿಗೂ ಕೆಲಸ ಕೊಟ್ಟಿತು.

ಇನ್ನೊಂದು ಬಣದ ಉತ್ತರ ಏನು? ತಾಳಿ, ಈಗಷ್ಟೇ ತಿರುವು ಬರುತ್ತಿದೆ ಅನ್ನುತ್ತಾರೆ. ಜರ್ಮನಿ 2000ದಲ್ಲಿ ಕಾನೂನು ಮಾಡಿ, ಸೋಲಾರ್ ಕರೆಂಟಿಗೆ 20 ವರ್ಷ ನಿಗದಿತ ಬೆಲೆಯ ಖಾತರಿ ಕೊಟ್ಟಿತು. ಮಾರುಕಟ್ಟೆ ಹುಟ್ಟಿತು. ಚೀನಾದ ಕಾರ್ಖಾನೆಗಳು ಅದನ್ನು ಹಿಗ್ಗಿಸಿದವು. ಒಟ್ಟು ತಯಾರಿಕೆ ಇಮ್ಮಡಿಯಾದಾಗಲೆಲ್ಲ ಪ್ಯಾನೆಲ್ ಬೆಲೆ ಸುಮಾರು ಶೇ 20 ಇಳಿಯುತ್ತಾ ಬಂತು. 2010ರ ದಶಕ ಒಂದರಲ್ಲೇ ಹತ್ತಿರ ಹತ್ತಿರ ಶೇ 90 ಇಳಿಯಿತು. ಕಲ್ಲಿದ್ದಲು ಹೀಗೆ ಅಗ್ಗವಾಗುವುದಿಲ್ಲ, ಅದು ಅಗೆದು ತರುವ ವಸ್ತು. ಪ್ಯಾನೆಲ್ ತಯಾರಿಸುವ ವಸ್ತು. 2024ರಲ್ಲಿ ಜಗತ್ತಿನ ಕರೆಂಟಿನಲ್ಲಿ ನವೀಕರಿಸಬಹುದಾದ ಮೂಲಗಳು ಮತ್ತು ಅಣು ಸೇರಿ ಶೇ 40 ದಾಟಿದವು.

ಕರೆಂಟಿನಲ್ಲಿ ಮಾತ್ರ, ನೆನಪಿಡಿ. ಜಗತ್ತು ಬಳಸುವ ಶಕ್ತಿಯಲ್ಲಿ ಕರೆಂಟಿನ ಪಾಲು ಐದನೇ ಒಂದು ಭಾಗದಷ್ಟು. ಉಳಿದದ್ದು ಕಾರು, ಲಾರಿ, ಹಡಗು, ಕುಲುಮೆ, ಬಾಯ್ಲರ್. ಒಟ್ಟು ಶಕ್ತಿ ಲೆಕ್ಕದಲ್ಲಿ ಪಳೆಯುಳಿಕೆ ಇಂಧನಗಳು ಈಗಲೂ ಶೇ 80ರ ಆಸುಪಾಸಿನಲ್ಲೇ ಇವೆ.

ಈ ಶೇ 80 ಎಂಬ ಅಂಕಿಯನ್ನು ನಿರಾಶಾವಾದಿಗಳು ಬಹಳ ಬಳಸುತ್ತಾರೆ. ಅದರಲ್ಲಿ ಒಂದು ಮೋಸ ಇದೆ. ಪೆಟ್ರೋಲ್ ಕಾರಿನಲ್ಲಿ ಇಂಧನದ ಕಾಲು ಭಾಗ ಕೂಡ ಚಕ್ರಕ್ಕೆ ತಲುಪುವುದು ಕಷ್ಟ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ತಲುಪುತ್ತದೆ. ಕಲ್ಲಿದ್ದಲು ಸ್ಥಾವರದಲ್ಲೂ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಪೋಲು. ಹಾಗಾಗಿ ಸುಟ್ಟಷ್ಟನ್ನೆಲ್ಲ ಸೋಲಾರ್‌ನಿಂದ ತುಂಬಿಸಬೇಕಿಲ್ಲ, ಉಪಯೋಗಕ್ಕೆ ಬಂದಷ್ಟನ್ನು ತುಂಬಿಸಿದರೆ ಸಾಕು. ಗುಣಾಕಾರದ ಮೂರನೇ ಅಂಕಿ, ನಾಲ್ಕನೇ ಅಂಕಿ ಎರಡೂ ಒಟ್ಟಿಗೆ ಇಳಿಯುವುದು ಇಲ್ಲೇ.

ಕೊಂಡಿ ಕಳಚುತ್ತದಾ?

ಆರ್ಥಿಕತೆ ಏರಲಿ, ಹೊಗೆ ಇಳಿಯಲಿ. ಇದಕ್ಕೆ ಡೀಕಪ್ಲಿಂಗ್ ಎನ್ನುತ್ತಾರೆ, ರೈಲು ಬೋಗಿಗಳ ಕೊಂಡಿ ಕಳಚಿದ ಹಾಗೆ. ಇದರಲ್ಲಿ ಎರಡು ಬಗೆ. ಜಿಡಿಪಿಗಿಂತ ನಿಧಾನವಾಗಿ ಹೊಗೆ ಏರಿದರೆ ಅದು ಅರೆಬರೆ ಕಳಚುವಿಕೆ. ಜಿಡಿಪಿ ಏರುವಾಗಲೇ ಹೊಗೆ ಇಳಿದರೆ ಪೂರ್ತಿ ಕಳಚಿದಂತೆ. ಎಷ್ಟೋ ಭಾಷಣಗಳಲ್ಲಿ ಮೊದಲನೆಯದನ್ನು ತೋರಿಸಿ ಎರಡನೆಯದರ ಹೆಸರು ಹೇಳುತ್ತಾರೆ. ಹುಷಾರಾಗಿರಬೇಕು.

ಪೂರ್ತಿ ಕಳಚಿದ ಉದಾಹರಣೆ ಇದೆಯಾ? ಇದೆ. ಬ್ರಿಟನ್. 1990ಕ್ಕೆ ಹೋಲಿಸಿದರೆ ಅದರ ನೆಲದಿಂದ ಹೊರಡುವ ಹೊಗೆ ಅರ್ಧಕ್ಕಿಳಿದಿದೆ, ಆರ್ಥಿಕತೆ ಮಾತ್ರ ಮುಕ್ಕಾಲು ಪಾಲಿನಷ್ಟು ದೊಡ್ಡದಾಗಿದೆ. 1882ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲಿನಿಂದ ಕರೆಂಟು ಮಾರಲು ಶುರು ಮಾಡಿದ ದೇಶ ಅದು. ತನ್ನ ಕೊನೆಯ ಕಲ್ಲಿದ್ದಲು ಸ್ಥಾವರವನ್ನು 2024ರ ಸೆಪ್ಟೆಂಬರ್ 30ರಂದು ಮುಚ್ಚಿತು.

ಹೊಗೆಯನ್ನು ಬೇರೆ ದೇಶಕ್ಕೆ ಸಾಗಿಸಿಬಿಟ್ಟರಷ್ಟೇ ಎಂಬ ಆಕ್ಷೇಪ ಕೂಡಲೇ ಬರುತ್ತದೆ. ಉಕ್ಕು, ಬಟ್ಟೆ, ಫೋನು ಎಲ್ಲ ಹೊರಗಿನಿಂದ ಬರುತ್ತವೆ, ಅವುಗಳ ಹೊಗೆ ಯಾರ ಲೆಕ್ಕಕ್ಕೆ? ಆಮದಿನ ಹೊಗೆಯನ್ನೂ ಸೇರಿಸಿದರೆ ಇಳಿಕೆ ಚಿಕ್ಕದಾಗುತ್ತದೆ. ಆದರೆ ಮಾಯವಾಗುವುದಿಲ್ಲ. ಹಾಗಾಗಿ ಬೆಳವಣಿಗೆ ಇದ್ದರೆ ಹೊಗೆ ಇಳಿಯುವುದೇ ಅಸಾಧ್ಯ ಎಂಬ ವಾದ ಬಿದ್ದುಹೋಯಿತು ಎನ್ನಬಹುದು.

ಈಗ ಜಗಳ ವೇಗದ ಬಗ್ಗೆ. ಜೆಫಿಮ್ ವೋಗಲ್ ಮತ್ತು ಜೇಸನ್ ಹಿಕೆಲ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಮದಿನ ಹೊಗೆಯನ್ನೂ ಸೇರಿಸಿ, 2013ರಿಂದ 2019ರ ನಡುವೆ ಪೂರ್ತಿ ಕೊಂಡಿ ಕಳಚಿಕೊಂಡ 11 ಶ್ರೀಮಂತ ದೇಶಗಳನ್ನು ಅವರು ಗುರುತಿಸಿದರು. ಇದೇ ವೇಗದಲ್ಲಿ ಹೋದರೆ ಹೊಗೆ ಶೇ 95 ಇಳಿಯಲು ಸರಾಸರಿ 220 ವರ್ಷಕ್ಕಿಂತ ಜಾಸ್ತಿ ಬೇಕು ಎಂದು ಲೆಕ್ಕ ಕೊಟ್ಟರು. ಇದನ್ನು ಹಸಿರು ಬೆಳವಣಿಗೆ ಅನ್ನುವುದಾದರೂ ಹೇಗೆ ಎಂದು ಕೇಳಿದರು.

ಏಟು ಸರಿಯಾಗಿಯೇ ಬಿದ್ದಿತು. ಆದರೂ ಒಂದು ಮಾತು. 2019ರವರೆಗಿನ ವೇಗವನ್ನೇ ಮುಂದಕ್ಕೆ ಎಳೆಯುವುದು ನ್ಯಾಯವಾ? ಆಗ ಎಲೆಕ್ಟ್ರಿಕ್ ಕಾರು ಇನ್ನೂ ಕೌತುಕದ ವಸ್ತು. ಬ್ಯಾಟರಿ ದುಬಾರಿ. ಹೊಸ ತಂತ್ರಜ್ಞಾನ ನೇರ ಗೆರೆಯಲ್ಲಿ ಬೆಳೆಯುವುದಿಲ್ಲ, ವರ್ಷಾನುಗಟ್ಟಲೆ ತೆವಳಿ ಆಮೇಲೆ ಜಿಗಿಯುತ್ತದೆ. ಈ ಜಿಗಿತ 12ರ ಹತ್ತಿರ ಹೋಗುತ್ತದಾ, 5ರಲ್ಲೇ ಸುಸ್ತಾಗುತ್ತದಾ ಎಂಬುದರ ಮೇಲೆ ಎರಡೂ ಬಣಗಳು ಬಾಜಿ ಕಟ್ಟಿವೆ.

ಡಿಗ್ರೋತ್ ಎಂದರೆ ಏನಲ್ಲ

ಬೆಳವಣಿಗೆ ಸಾಕು ಎನ್ನುವವರಿಗೆ ಹೆಸರೇ ಶತ್ರು. ಡಿಗ್ರೋತ್ ಎಂದ ಕೂಡಲೇ ಕೆಲಸ ಹೋಗುವುದು, ಅಂಗಡಿ ಮುಚ್ಚುವುದು, ಚಳಿಯಲ್ಲಿ ನಡುಗುವುದು ಕಣ್ಣಿಗೆ ಬರುತ್ತದೆ. ಫ್ರಾನ್ಸಿನ ಚಿಂತಕ ಆಂಡ್ರೆ ಗೋರ್ಜ್ ಈ ಪದವನ್ನು ಫ್ರೆಂಚಿನಲ್ಲಿ ಬಳಸಿದ್ದು 1972ರಲ್ಲಿ. ಅದೇ ವರ್ಷ ಕ್ಲಬ್ ಆಫ್ ರೋಮ್ ಎಂಬ ಚಿಂತಕರ ಕೂಟಕ್ಕಾಗಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಯುವ ವಿಜ್ಞಾನಿಗಳು ಕಂಪ್ಯೂಟರ್ ಮಾದರಿ ಕಟ್ಟಿ, ಮಿತಿಯಿರುವ ಭೂಮಿಯ ಮೇಲೆ ಮಿತಿಯಿಲ್ಲದ ಬೆಳವಣಿಗೆ ನಡೆಯದು ಎಂದು ವರದಿ ಕೊಟ್ಟರು. ಆ ವಿಚಾರ ಸುಮಾರು ಮೂರು ದಶಕ ಮೂಲೆ ಸೇರಿತ್ತು. 2008ರಲ್ಲಿ ಪ್ಯಾರಿಸ್ಸಿನಲ್ಲಿ ಡಿಗ್ರೋತ್ ಹೆಸರಿನ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2019ರಲ್ಲಿ ಗ್ರೇಟಾ ವಿಶ್ವಸಂಸ್ಥೆಯಲ್ಲಿ ನಿಂತು, ನೀವು ಹೇಳುವುದೆಲ್ಲ ದುಡ್ಡು ಮತ್ತು ಕೊನೆಯಿಲ್ಲದ ಬೆಳವಣಿಗೆಯ ಕಟ್ಟುಕಥೆ ಎಂದು ಗದರಿದಾಗ ಅದು ಮತ್ತೆ ಮನೆಮಾತಾಯಿತು.

ಅವರು ನಿಜವಾಗಿ ಹೇಳುವುದು ಇದು. ಶ್ರೀಮಂತ ದೇಶಗಳು ಶಕ್ತಿ ಮತ್ತು ವಸ್ತುಗಳ ಬಳಕೆಯನ್ನು ಯೋಜನೆ ಹಾಕಿಕೊಂಡು ಇಳಿಸಬೇಕು. ಎಲ್ಲವನ್ನೂ ಅಲ್ಲ. ಖಾಸಗಿ ವಿಮಾನ, ದೈತ್ಯ ಕಾರು, ಎರಡು ಸಲ ಉಟ್ಟು ಎಸೆಯುವ ಬಟ್ಟೆ, ಬೇಗ ಕೆಡಲೆಂದೇ ಮಾಡಿದ ಯಂತ್ರ ಕಡಿಮೆಯಾಗಲಿ. ಆಸ್ಪತ್ರೆ, ಶಾಲೆ, ಬಸ್ಸು, ರೈಲು, ಸೋಲಾರ್ ಜಾಸ್ತಿಯಾಗಲಿ. ಕೆಲಸದ ಗಂಟೆ ಇಳಿಸಿ, ಇರುವ ಕೆಲಸವನ್ನು ಹಂಚಿಕೊಳ್ಳೋಣ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವಲ್ಲ, ಅದನ್ನೇ ಇಡೀ ಆರ್ಥಿಕತೆಗೆ ಹೇಳಿದ ಹಾಗೆ. ಸೋಲಾರ್ ಬೇಡ ಎಂದು ಇವರು ಹೇಳುವುದಿಲ್ಲ. ಬೇಡಿಕೆ ಇಳಿದರೆ ಅದೇ ಸೋಲಾರ್ ಬೇಗ ಸಾಕಾಗುತ್ತದೆ ಎನ್ನುತ್ತಾರೆ. ಗಿಬ್ಸ್ ಚಿತ್ರಕ್ಕೂ ಇವರಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಆದರೂ ಎರಡನ್ನೂ ಒಂದೇ ಗೋಣಿಚೀಲಕ್ಕೆ ತುಂಬುತ್ತಾರೆ.

ಎಡಪಂಥದೊಳಗಿಂದಲೇ ಬಂದ ಬಿರುಸಿನ ಟೀಕೆ ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಪೊಲಿನ್ ಅವರದು. 2018ರಲ್ಲಿ ಅವರು ಒಂದು ಸರಳ ಲೆಕ್ಕ ಇಟ್ಟರು. ಜಗತ್ತಿನ ಜಿಡಿಪಿಯನ್ನು ಶೇ 10 ಕುಗ್ಗಿಸಿದಿರಿ ಎಂದುಕೊಳ್ಳಿ. ಅದು ಭೀಕರ ಆರ್ಥಿಕ ಕುಸಿತ. ಹೊಗೆ ಎಷ್ಟು ಇಳಿಯುತ್ತದೆ? ಬೇರೇನೂ ಬದಲಾಗದಿದ್ದರೆ ಅದೂ ಶೇ 10. ಅದರ ಬದಲು ಪ್ರತಿ ವರ್ಷ ಜಿಡಿಪಿಯ ಶೇ 1.5ರಿಂದ 2ರಷ್ಟನ್ನು ಶುದ್ಧ ಇಂಧನ ಮತ್ತು ಮಿತಬಳಕೆಯ ಯಂತ್ರಗಳಿಗೆ ಹಾಕಿ ಎಂದರು. ಅಮೆರಿಕದಲ್ಲಿ 2019ರಲ್ಲಿ ಸಂಸದರಾದ ಅಲೆಕ್ಸಾಂಡ್ರಿಯಾ ಒಕಾಸಿಯೊ ಕಾರ್ಟೆಜ್ ಮತ್ತು ಎಡ್ ಮಾರ್ಕಿ ಮಂಡಿಸಿದ ಗ್ರೀನ್ ನ್ಯೂ ಡೀಲ್ ನಿರ್ಣಯದ ಹಿಂದೆ ಇದ್ದದ್ದೂ ಇಂಥದ್ದೇ ಯೋಚನೆ. ಕೆಲಸ ಸೃಷ್ಟಿಸಿ, ಅದರಿಂದಲೇ ಹೊಗೆ ಇಳಿಸಿ.

ಪೊಲಿನ್ ಲೆಕ್ಕದ ದಿಕ್ಕು ಸರಿ ಎಂದು 2020ರ ಕೋವಿಡ್ ತೋರಿಸಿತು. ವಿಮಾನ ನಿಂತವು, ರಸ್ತೆ ಖಾಲಿಯಾದವು, ಜಗತ್ತಿನ ಆರ್ಥಿಕತೆ ಶೇ 3ರಷ್ಟು ಕುಸಿಯಿತು. ಹೊಗೆ ಇಳಿದದ್ದು ಶೇ 5ರ ಆಸುಪಾಸು. ಮುಂದಿನ ವರ್ಷ ಹೆಚ್ಚುಕಡಿಮೆ ಎಲ್ಲವೂ ವಾಪಸ್ ಬಂತು. ಏರಿಕೆಯನ್ನು 1.5 ಡಿಗ್ರಿಯೊಳಗೆ ಹಿಡಿಯಬೇಕಾದರೆ ದಶಕವಿಡೀ ಪ್ರತಿ ವರ್ಷ ಶೇ 7.6 ಇಳಿಯಬೇಕು ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2019ರಲ್ಲೇ ಹೇಳಿತ್ತು. ಜಗತ್ತೇ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತರೂ ಆ ಅಂಕಿ ಮುಟ್ಟಲಿಲ್ಲ. ಉಳಿದ ಹೊಗೆ ಯಾರ ಓಡಾಟದಲ್ಲೂ ಇರಲಿಲ್ಲ. ಸ್ಥಾವರ, ಕುಲುಮೆ, ಬಾಯ್ಲರ್‌ಗಳಲ್ಲಿ ಇತ್ತು.

ಡಿಗ್ರೋತ್‌ನವರು ಇದಕ್ಕೆ ಹೇಳುವುದೂ ಕೇಳುವಂಥದ್ದೇ. ಕೋವಿಡ್ ಒಂದು ಅಪಘಾತ, ನಾವು ಕೇಳುತ್ತಿರುವುದು ಪಥ್ಯ. ಹಸಿವಿನಿಂದ ಸೊರಗುವುದೂ ಪಥ್ಯ ಮಾಡುವುದೂ ಒಂದೇನಾ?

ಯಾರ ಬೆಳವಣಿಗೆ, ಯಾರ ಗಣಿ

ಇಷ್ಟು ಹೊತ್ತು ಜಗತ್ತು, ಜಗತ್ತು ಎಂದೆ. ಆ ಪದದಲ್ಲೇ ಒಂದು ಕಳ್ಳತನ ಇದೆ. ಬಡತನದ ವಿರುದ್ಧ ಕೆಲಸ ಮಾಡುವ ಆಕ್ಸ್‌ಫ್ಯಾಮ್ ಸಂಸ್ಥೆಯ ಲೆಕ್ಕದ ಪ್ರಕಾರ 2019ರಲ್ಲಿ ಜಗತ್ತಿನ ಹೊಗೆಯ ಶೇ 16 ಬಂದದ್ದು ಅತಿ ಶ್ರೀಮಂತ ಶೇ 1 ಜನರಿಂದ. ಅದೇ ಹೊತ್ತಿಗೆ ಕರೆಂಟೇ ಇಲ್ಲದವರು 70 ಕೋಟಿಗೂ ಹೆಚ್ಚು. ಇವರಿಗೆ ಬೆಳವಣಿಗೆ ಸಾಕು ಎಂದು ಹೇಳುವ ಧೈರ್ಯ ಯಾವ ಬಣಕ್ಕೂ ಇಲ್ಲ, ಇರಲೂಬಾರದು. ಹೊಟ್ಟೆಪಾಡಿನ ಹೊಗೆಯನ್ನೂ ಶೋಕಿಯ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂದು ಭಾರತದ ಪರಿಸರವಾದಿಗಳಾದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲೇ ವಾದಿಸಿದ್ದರು. ಇವತ್ತಿನ ಹವಾಮಾನ ನ್ಯಾಯದ ಮಾತಿಗೆ ಅದು ಗಟ್ಟಿ ತಳಪಾಯ ಹಾಕಿತು.

2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ಕುತೂಹಲ ಹುಟ್ಟಿಸುತ್ತದೆ. 2050ರಲ್ಲಿ ಇರಬಹುದಾದ 1,000 ಕೋಟಿ ಜನರಿಗೂ ಮನೆ, ಊಟ, ಚಿಕಿತ್ಸೆ, ಶಾಲೆ, ಓಡಾಟ, ಫೋನು ಎಲ್ಲ ಕೊಟ್ಟರೂ ಇವತ್ತಿನ ಶಕ್ತಿಯ ಶೇ 40 ಸಾಕು ಎನ್ನುತ್ತದೆ ಅದು. ತಂತ್ರಜ್ಞಾನ ಅತ್ಯುತ್ತಮವಾಗಿರಬೇಕು, ಹಂಚಿಕೆ ಹೆಚ್ಚುಕಡಿಮೆ ಸಮನಾಗಿರಬೇಕು. ಮೊದಲನೆಯ ಷರತ್ತು ಎಂಜಿನಿಯರುಗಳ ಕೈಯಲ್ಲಿದೆ. ಎರಡನೆಯದಕ್ಕೆ ಇದುವರೆಗೂ ಯಾವ ಎಂಜಿನಿಯರೂ ಸಿಕ್ಕಿಲ್ಲ.

ಗಣಿಯ ಪ್ರಶ್ನೆಯೂ ಇಲ್ಲೇ ಬರುತ್ತದೆ. ಎಲೆಕ್ಟ್ರಿಕ್ ಕಾರಿಗೆ ಸಾಮಾನ್ಯ ಕಾರಿನ ಆರು ಪಟ್ಟು ಖನಿಜ ಬೇಕು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2021ರಲ್ಲಿ ಹೇಳಿತು. ಕೋಬಾಲ್ಟಿನ ಬಹುಪಾಲು ಕಾಂಗೋದ್ದು. ಲಿಥಿಯಂನ ಒಂದು ದೊಡ್ಡ ಪಾಲು ಬರುವುದು ಚಿಲಿಯ ಅಟಕಾಮಾದ ಉಪ್ಪುಬಯಲಿನಿಂದ, ಅದೂ ಜಗತ್ತಿನ ಅತಿ ಒಣ ಜಾಗಗಳಲ್ಲಿ ಒಂದು. ಸರ್ಬಿಯಾದ ಯಾದರ್ ಕಣಿವೆಯಲ್ಲಿ ಲಿಥಿಯಂ ಗಣಿ ಬೇಡವೆಂದು ಜನ ಬೀದಿಗಿಳಿದರು. 2022ರಲ್ಲಿ ಸರ್ಕಾರ ಪರವಾನಗಿ ರದ್ದು ಮಾಡಿತು, 2024ರಲ್ಲಿ ಮತ್ತೆ ಜೀವ ಕೊಟ್ಟಿತು, ಜನ ಮತ್ತೆ ಬೀದಿಗಿಳಿದರು.

ಪ್ರಮಾಣವನ್ನೂ ನೋಡಬೇಕು. ಶುದ್ಧ ಇಂಧನಕ್ಕೆ 2020ರಲ್ಲಿ ಬೇಕಾದ ಖನಿಜ ಸುಮಾರು 70 ಲಕ್ಷ ಟನ್. ಕಲ್ಲಿದ್ದಲು ನೂರಾರು ಕೋಟಿ ಟನ್, ಅದೂ ಪ್ರತಿ ವರ್ಷ ಹೊಸದಾಗಿ, ಸುಟ್ಟ ಮೇಲೆ ಬೂದಿ. ತಾಮ್ರವನ್ನು ಕರಗಿಸಿ ಮತ್ತೆ ಬಳಸಬಹುದು. ಒಂದು ಟನ್ ತಾಮ್ರಕ್ಕೆ ನೂರಾರು ಟನ್ ಕಲ್ಲು ಮಣ್ಣು ಅಗೆಯಬೇಕು ಎಂಬುದನ್ನು ಸೇರಿಸಿದರೂ ತಕ್ಕಡಿ ಸೋಲಾರ್ ಕಡೆಗೇ ವಾಲುತ್ತದೆ. ಆದರೆ ಒಟ್ಟು ಲೆಕ್ಕದಲ್ಲಿ ಗಣಿ ಕಡಿಮೆಯಾಗುತ್ತದೆ ಎಂಬ ಮಾತು, ಹೊಸ ಗಣಿ ಬರುತ್ತಿರುವ ಊರಿನವರಿಗೆ ಯಾವ ಸಮಾಧಾನ ಕೊಟ್ಟೀತು? ಓಸ್ಲೋದಲ್ಲಿ ಕೂತವರ ಮಾತೂ ಇಷ್ಟೇ. ಗಾಳಿಯಂತ್ರ ಬೇಡ ಎಂದಲ್ಲ, ಸಾಮಿಗಳ ನೆಲದ ಮೇಲೆ ಅವರ ಹಕ್ಕು ತುಳಿದು ಬೇಡ. ಮುಂದೆ, 2024ರ ಮಾರ್ಚ್ ಹೊತ್ತಿಗೆ, ರಾಜಿಯಾಯಿತು. ಸಾಮಿಗಳಿಗೆ ಪರಿಹಾರ ಮತ್ತು ಮೇಯಿಸಲು ಬೇರೆ ಜಾಗದ ಭರವಸೆ ಸಿಕ್ಕಿತು. ಯಂತ್ರಗಳು ಇದ್ದಲ್ಲೇ ಉಳಿದವು.

ಅಣುವಿನ ಸುತ್ತ

ಅಣು ವಿದ್ಯುತ್ತಿನ ಜಗಳ ಹಳೆಯದು, ಚುಟುಕಾಗಿ ಹೇಳುತ್ತೇನೆ. 2013ರಲ್ಲಿ ಜೇಮ್ಸ್ ಹ್ಯಾನ್ಸನ್ ಸೇರಿ ನಾಲ್ವರು ಹೆಸರಾಂತ ಹವಾಮಾನ ವಿಜ್ಞಾನಿಗಳು ಪರಿಸರವಾದಿಗಳಿಗೆ ಬಹಿರಂಗ ಪತ್ರ ಬರೆದು, ಅಣುವನ್ನು ವಿರೋಧಿಸಬೇಡಿ ಎಂದರು. ಜರ್ಮನಿ 2023ರ ಏಪ್ರಿಲ್ 15ರಂದು ತನ್ನ ಕೊನೆಯ ಮೂರು ಅಣು ಸ್ಥಾವರ ಮುಚ್ಚಿತು. ಫಿನ್‌ಲೆಂಡಿನ ಗ್ರೀನ್ ಪಕ್ಷ ಅದಕ್ಕೂ ಒಂದು ವರ್ಷ ಮೊದಲೇ ಅಣುವಿನ ಪರ ವಾಲಿತ್ತು. ಬರೀ ಗಾಳಿ, ನೀರು, ಬಿಸಿಲಿನಿಂದ ಅಮೆರಿಕ ನಡೆಯಬಹುದು ಎಂದು ಅಲ್ಲಿನ ಇಂಧನ ಸಂಶೋಧಕ ಮಾರ್ಕ್ ಜೇಕಬ್ಸನ್ 2015ರಲ್ಲಿ ಪ್ರಬಂಧ ಬರೆದರು. 2017ರಲ್ಲಿ 21 ಸಂಶೋಧಕರು ಅದನ್ನು ಖಂಡಿಸಿದರು. ಜೇಕಬ್ಸನ್ 1 ಕೋಟಿ ಡಾಲರ್ ಮಾನನಷ್ಟ ಮೊಕದ್ದಮೆ ಹೂಡಿ, ಕೆಲವೇ ತಿಂಗಳಲ್ಲಿ ವಾಪಸ್ ಪಡೆದರು. ವಿಜ್ಞಾನದ ವಾದ ಕೋರ್ಟು ಮೆಟ್ಟಿಲು ಹತ್ತಿದ ಈ ಪ್ರಸಂಗ ಯಾರಿಗೂ ಶೋಭೆ ತರಲಿಲ್ಲ.

ಕೆದಕಿ ನೋಡಿದರೆ ಇದೂ ಬೆಳವಣಿಗೆಯ ಜಗಳವೇ. ಶಕ್ತಿಯ ಬೇಡಿಕೆ ಏರುತ್ತಲೇ ಹೋಗುತ್ತದೆ ಎಂದು ನಂಬಿದವರಿಗೆ ಅಣು ಅನಿವಾರ್ಯ. ಬೇಡಿಕೆಯನ್ನು ಇಳಿಸಬಹುದು ಎಂದು ನಂಬಿದವರಿಗೆ ಅದರ ಗೊಡವೆ ಬೇಕಿಲ್ಲ.

ಜನ ಒಪ್ಪುತ್ತಾರಾ?

2018ರ ನವೆಂಬರ್‌ನಲ್ಲಿ ಫ್ರಾನ್ಸ್ ಸರ್ಕಾರ ಇಂಧನ ತೆರಿಗೆ ಏರಿಸಲು ಹೊರಟಾಗ ಹಳದಿ ಅಂಗಿಯವರು ರಸ್ತೆ ಬಂದ್ ಮಾಡಿದರು. ಡಿಸೆಂಬರಿನಲ್ಲಿ ಸರ್ಕಾರ ಕೈಬಿಟ್ಟಿತು. ನೋಡಿ, ಪೆಟ್ರೋಲಿಗೆ ಸ್ವಲ್ಪ ತೆರಿಗೆ ಹಾಕಿದ್ದಕ್ಕೇ ಹೀಗೆ, ಇನ್ನು ಡಿಗ್ರೋತ್ ಎಂದರೆ ಜನ ಸುಮ್ನೆ ಬಿಡುತ್ತಾರಾ ಎಂದಿತು ಒಂದು ಬಣ. ಅದೇ ವರ್ಷ ಶ್ರೀಮಂತರ ಸಂಪತ್ತಿನ ತೆರಿಗೆ ಕಡಿತ ಮಾಡಿ ಬಡವರ ಕಾರಿಗೆ ಕೈ ಹಾಕಿದರೆ ಇನ್ನೇನಾಗುತ್ತದೆ ಎಂದಿತು ಇನ್ನೊಂದು. ಘಟನೆ ಒಂದೇ, ಓದು ಎರಡು.

ಆ ಗಲಾಟೆಯ ನಂತರ ಫ್ರಾನ್ಸ್ ಒಂದು ಪ್ರಯೋಗ ಮಾಡಿತು. ಚೀಟಿ ಎತ್ತಿ 150 ಸಾಮಾನ್ಯ ಜನರನ್ನು ಆರಿಸಿತು. ಅವರು 2019ರ ಅಕ್ಟೋಬರ್‌ನಿಂದ ತಿಂಗಳುಗಟ್ಟಲೆ ವಾರಾಂತ್ಯಗಳಲ್ಲಿ ಸೇರಿ, ತಜ್ಞರನ್ನು ಪ್ರಶ್ನಿಸಿ, 150 ಸಲಹೆಗಳನ್ನು ಮತಕ್ಕೆ ಹಾಕಿದರು. ಮನೆಗಳನ್ನು ಶಕ್ತಿ ಸೋರದಂತೆ ದುರಸ್ತಿ ಮಾಡುವುದು ಕಡ್ಡಾಯವಾಗಲಿ ಎಂದರು. ಹೆದ್ದಾರಿಯ ವೇಗ ಮಿತಿ ಇಳಿಯಲಿ ಎಂದರು. ಹಸಿರು ಬೆಳವಣಿಗೆಯವರ ಪಟ್ಟಿಯಿಂದಲೂ ತೆಗೆದುಕೊಂಡರು, ಡಿಗ್ರೋತ್‌ನವರ ಪಟ್ಟಿಯಿಂದಲೂ ತೆಗೆದುಕೊಂಡರು. 150ರಲ್ಲಿ 149 ಪಾಸಾದವು. ಬಿದ್ದುಹೋದ ಒಂದೇ ಒಂದು ಸಲಹೆ, ಡಿಗ್ರೋತ್‌ನವರಿಗೆ ಅತಿ ಪ್ರಿಯವಾದದ್ದು. ಕೆಲಸದ ವಾರವನ್ನು 28 ಗಂಟೆಗೆ ಇಳಿಸುವುದು.

ಪಾಸಾದವುಗಳಲ್ಲಿ ಇನ್ನೊಂದು ಹೀಗಿತ್ತು. ರೈಲಿನಲ್ಲಿ ನಾಲ್ಕು ಗಂಟೆಯೊಳಗೆ ಹೋಗಬಹುದಾದ ಕಡೆಗೆ ವಿಮಾನ ಬೇಡ. ಸಂಸತ್ತಿಗೆ ಹೋಗುವಷ್ಟರಲ್ಲಿ ನಾಲ್ಕು ಗಂಟೆ ಎರಡೂವರೆ ಗಂಟೆಯಾಯಿತು. 2023ರ ಮೇನಲ್ಲಿ ನಿಷೇಧ ಜಾರಿಗೆ ಬಂದಾಗ ನಿಂತದ್ದು ಮೂರು ಮಾರ್ಗಗಳು. ಪ್ಯಾರಿಸ್ಸಿನ ಒರ್ಲಿಯಿಂದ ನಾಂತ್, ಲಿಯೊನ್ ಮತ್ತು ಬೋರ್ಡೊಗೆ.